ಓದಿದರೆ ಗೊತ್ತು, ಮಾತಿಗೆ ಬರುವುದಿಲ್ಲ: ಇಂಗ್ಲಿಷ್ ಪದಗಳನ್ನು ಉಳಿಸಿಕೊಳ್ಳುವ ಬಗೆ

ಪ್ರಶ್ನೆ: ಐದು ತಿಂಗಳಿಂದ ದಿನಕ್ಕೆ 20 ಇಂಗ್ಲಿಷ್ ಪದಗಳನ್ನು ಕನ್ನಡ ಅರ್ಥದ ಜೊತೆ ನೋಟ್‌ಬುಕ್ಕಿನಲ್ಲಿ ಬರೆದು ಉರು ಹೊಡೆಯುತ್ತಿದ್ದೇನೆ. ಮೂರು ನೋಟ್‌ಬುಕ್ ತುಂಬಿವೆ. ಪಟ್ಟಿ ತೆರೆದು ನೋಡಿದರೆ ಎಲ್ಲವೂ ಗೊತ್ತಿರುವ ಹಾಗೆ ಅನ್ನಿಸುತ್ತದೆ. ಮಾತಾಡಲು, ಬರೆಯಲು ಹೊರಟರೆ ಮಾತ್ರ ಹಳೆಯ ಇನ್ನೂರು ಮುನ್ನೂರು ಪದಗಳೇ ಬರುತ್ತವೆ. ಎರಡು ತಿಂಗಳ ಹಿಂದೆ ಬರೆದ ಪದ ಓದುವಾಗ ಎದುರಾದರೂ ಅರ್ಥ ಹೊಳೆಯುವುದಿಲ್ಲ. ನನ್ನ ಜ್ಞಾಪಕಶಕ್ತಿಯೇ ಕಡಿಮೆಯೆ? ದಿನಕ್ಕೆ ಎಷ್ಟು ಪದ, ಹೇಗೆ ಕಲಿಯಬೇಕು?

ಉತ್ತರ:

ನಿಮ್ಮ ಜ್ಞಾಪಕಶಕ್ತಿಯಲ್ಲಿ ದೋಷವಿಲ್ಲ. ಐದು ತಿಂಗಳು ಬಿಡದೆ ಬರೆದಿದ್ದೀರಿ ಅಂದಮೇಲೆ ಶ್ರದ್ಧೆಗೂ ಕೊರತೆಯಿಲ್ಲ. ಎಡವಿರುವುದು ಎರಡು ಕಡೆ. ಮೊದಲನೆಯದು, ಪದವನ್ನು ಮತ್ತೆ ಮತ್ತೆ ನೋಡುತ್ತಿದ್ದೀರಿ, ನೆನಪಿನ ಒಳಗಿಂದ ಎಳೆದು ತೆಗೆಯುತ್ತಿಲ್ಲ. ಎರಡನೆಯದು, ಪ್ರತಿ ಪದವನ್ನೂ ಅದರ ಒಡನಾಡಿಗಳಿಂದ ಬಿಡಿಸಿ ಒಂಟಿಯಾಗಿ ಕಲಿತಿದ್ದೀರಿ. ಮೊದಲನೆಯದರಿಂದ ಪದ ಮರೆಯುತ್ತದೆ. ಎರಡನೆಯದರಿಂದ ಮರೆಯದೆ ಉಳಿದ ಪದವೂ ಮಾತಿಗೆ ಒದಗುವುದಿಲ್ಲ.

ಪಟ್ಟಿ ನೋಡಿದಾಗ ‘ಗೊತ್ತು’ ಅನ್ನಿಸುವುದು ಗುರುತು ಹಿಡಿಯುವ ಸುಲಭದಿಂದ. ಪದ ಮತ್ತು ಅರ್ಥ ಎರಡೂ ಕಣ್ಣ ಮುಂದೆಯೇ ಇರುವುದರಿಂದ ಮನಸ್ಸಿಗೆ ಹುಡುಕುವ ಕೆಲಸವೇ ಇಲ್ಲ. 2006ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕಿ ಪ್ರಕಟಿಸಿದ ಪ್ರಯೋಗ ಇದನ್ನು ಸ್ಪಷ್ಟವಾಗಿ ತೋರಿಸಿತು. ಒಂದು ಪಠ್ಯವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರ ಕಳೆದು ಪರೀಕ್ಷಿಸಿದಾಗ ಮುಂದಿದ್ದವರು, ಮತ್ತೆ ಓದುವ ಬದಲು ಪುಸ್ತಕ ಮುಚ್ಚಿ ನೆನಪಿಸಿಕೊಂಡು ಬರೆದವರು. ಓದಿದ ಕೂಡಲೇ ಸಿಗುವ ಸಮಾಧಾನ ಕಲಿಕೆಯ ಅಳತೆಯಲ್ಲ. ನೆನಪಿಸಿಕೊಳ್ಳಲು ತುಸು ಕಷ್ಟಪಟ್ಟಾಗಲೇ ಪದ ಗಟ್ಟಿಯಾಗುವುದು.

ಆ ಕಷ್ಟವನ್ನು ಯಾವಾಗ ಪಡಬೇಕು ಅನ್ನುವುದೂ ಮುಖ್ಯ. ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಅಳೆದು 1885ರಲ್ಲಿ ಪ್ರಕಟಿಸಿದರು. ಮರೆವು ಮೊದಲ ಕೆಲವು ಗಂಟೆಗಳಲ್ಲಿ ರಭಸವಾಗಿರುತ್ತದೆ, ಆಮೇಲೆ ನಿಧಾನವಾಗುತ್ತದೆ. ಆದ್ದರಿಂದ ಮೊದಲ ಪುನರಾವರ್ತನೆ ಬೇಗ ಬರಬೇಕು, ಮುಂದಿನವುಗಳ ನಡುವಿನ ಅಂತರ ಹಿಗ್ಗುತ್ತಾ ಹೋಗಬೇಕು. ಕಲಿತ ಮರುದಿನ ಒಮ್ಮೆ, ಅಲ್ಲಿಂದ 3 ದಿನಕ್ಕೆ, ಅಲ್ಲಿಂದ 7, 15, 30, 60 ದಿನಗಳಿಗೆ ಒಂದೊಂದು ಸಲ, ಒಟ್ಟು ಆರು ಸಲ. ಈ ಸಂಖ್ಯೆಗಳಿಗೆ ಮಂತ್ರಶಕ್ತಿಯೇನೂ ಇಲ್ಲ. 15ರ ಬದಲು 14 ಆದರೂ, 60ರ ಬದಲು 70 ಆದರೂ ಏನೂ ಕೆಡುವುದಿಲ್ಲ. ಒಂದೇ ದಿನ ಐವತ್ತು ಸಲ ಬರೆದು ಆಮೇಲೆ ಕೈಬಿಡುವುದು ಮಾತ್ರ ಕೆಡಿಸುತ್ತದೆ.

ಈಗ ‘ದಿನಕ್ಕೆ ಎಷ್ಟು ಪದ’ ಎಂಬ ಪ್ರಶ್ನೆಗೆ ಲೆಕ್ಕ ಹಾಕಿಯೇ ಉತ್ತರ ಹೇಳಬಹುದು. ಪ್ರತಿ ಪದಕ್ಕೆ ಆರು ಪುನರಾವರ್ತನೆ ಅಂದರೆ, ನಾಲ್ಕು ತಿಂಗಳ ಹೊತ್ತಿಗೆ ದಿನದ ಹೊರೆ ಹೊಸ ಪದಗಳ ಆರುಪಟ್ಟು ಆಗುತ್ತದೆ. ದಿನಕ್ಕೆ 20 ಹೊಸ ಪದವಾದರೆ 120 ಪುನರಾವರ್ತನೆ, ತಪ್ಪಿದವನ್ನು ಮತ್ತೆ ಸೇರಿಸಿದರೆ 150ರ ಹತ್ತಿರ. ಒಂದಕ್ಕೆ 15 ಸೆಕೆಂಡ್ ಹಿಡಿದರೂ ಬರೀ ಹಳೆಯದನ್ನು ನೆನಪಿಸಿಕೊಳ್ಳಲು 37 ನಿಮಿಷ ಬೇಕು. ಯಾರೂ ಇದನ್ನು ಬಹಳ ದಿನ ನಡೆಸಿಕೊಂಡು ಹೋಗಲಾರರು. ಪುನರಾವರ್ತನೆ ಬಿಟ್ಟುಹೋಗುತ್ತದೆ, ಹೊಸ ಪದ ಬರೆಯುವುದು ಮಾತ್ರ ಮುಂದುವರಿಯುತ್ತದೆ. ನಿಮಗಾಗಿರುವುದೂ ಇದೇ. ದಿನಕ್ಕೆ 6 ಹೊಸ ಪದ ಅಂದರೆ 36 ಪುನರಾವರ್ತನೆ, ತಪ್ಪಿದವು ಸೇರಿ 45, ಹನ್ನೊಂದು ಹನ್ನೆರಡು ನಿಮಿಷದ ಕೆಲಸ. ವಾರಕ್ಕೆ ಐದು ದಿನ ಹೊಸ ಪದ, ಉಳಿದೆರಡು ದಿನ ಬರೀ ಹಳೆಯವು ಎಂದಿಟ್ಟುಕೊಂಡರೂ ವರ್ಷಕ್ಕೆ 1500 ಪದ ಆಗುತ್ತದೆ. ನಿಮ್ಮ ಈಗಿನ ವೇಗಕ್ಕೆ ಹೋಲಿಸಿದರೆ ಇದು ಕಡಿಮೆ ಎನ್ನಿಸಬಹುದು. ಉಳಿಯುವ 1500 ಪದ, ಜಾರಿಹೋಗುವ 7000ಕ್ಕಿಂತ ಎಷ್ಟೋ ದೊಡ್ಡದು.

ಅಂತರಗಳ ಲೆಕ್ಕವನ್ನು ನೆನಪಿಟ್ಟುಕೊಳ್ಳುವ ಕೆಲಸ ನಿಮಗೆ ಬೇಡ. ಆಂಕಿ ಎಂಬ ಆ್ಯಪ್ ಅದನ್ನೇ ಮಾಡುತ್ತದೆ. ಕಂಪ್ಯೂಟರಿನಲ್ಲೂ ಆಂಡ್ರಾಯ್ಡ್ ಫೋನಿನಲ್ಲೂ ಉಚಿತ. ಫೋನ್ ಕೈಗೆತ್ತಿಕೊಂಡರೆ ಮನಸ್ಸು ಬೇರೆಡೆ ಹರಿಯುತ್ತದೆ ಅನ್ನುವವರಿಗೆ, ಒಂದು ಬದಿಯಲ್ಲಿ ಪ್ರಶ್ನೆ, ಇನ್ನೊಂದು ಬದಿಯಲ್ಲಿ ಉತ್ತರ ಬರೆದ ಕಾರ್ಡುಗಳನ್ನಿಡಲು ಒಂದು ರಟ್ಟಿನ ಡಬ್ಬಿ ಸಾಕು. ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಪ್ರಚಾರಕ್ಕೆ ತಂದ ಪದ್ಧತಿಯನ್ನು ಅನುಸರಿಸಿ ಡಬ್ಬಿಗೆ ಐದು ಖಾನೆ ಮಾಡಿ. ಮೊದಲ ಖಾನೆಯನ್ನು ದಿನವೂ, ಎರಡನೆಯದನ್ನು 3 ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ, ನಾಲ್ಕನೆಯದನ್ನು 15 ದಿನಕ್ಕೊಮ್ಮೆ, ಐದನೆಯದನ್ನು ತಿಂಗಳಿಗೊಮ್ಮೆ ತೆಗೆಯಿರಿ. ಉತ್ತರ ಬಂದ ಕಾರ್ಡ್ ಮುಂದಿನ ಖಾನೆಗೆ ಹೋಗುತ್ತದೆ, ಬಾರದ್ದು ಯಾವ ಖಾನೆಯಲ್ಲಿದ್ದರೂ ಮೊದಲ ಖಾನೆಗೆ ವಾಪಸು.

ಯಾವ ಪದಗಳನ್ನು ಕಲಿಯಬೇಕು?

ಇಲ್ಲಿ ಅನೇಕರು ತಪ್ಪು ದಾರಿ ಹಿಡಿಯುತ್ತಾರೆ. ‘ಯುಬಿಕ್ವಿಟಸ್’, ‘ಪ್ಲೆಥೊರಾ’ ಮುಂತಾದ ಗತ್ತಿನ ಪದಗಳು ನೋಟ್‌ಬುಕ್ಕಿನಲ್ಲಿ ಇರುತ್ತವೆ. ‘ಸೀಮ್’, ‘ಟೆಂಡ್’, ‘ಅಲೌ’, ‘ಅವಾಯ್ಡ್’ ಇವುಗಳಲ್ಲಿ ಒಂದೊಂದು ಸರಿಯಾದ ವಾಕ್ಯ ಮಾಡಿ ಅಂದರೆ ತಡವರಿಸುತ್ತಾರೆ. ಇಂಗ್ಲಿಷಿನಲ್ಲಿ ಪದಗಳ ಬಳಕೆ ಸಮನಾಗಿ ಹಂಚಿಹೋಗಿಲ್ಲ. ಅತಿ ಹೆಚ್ಚು ಬಳಕೆಯ 2000 ಪದಕುಟುಂಬಗಳೇ ಸಾಮಾನ್ಯ ಬರಹದ ಶೇ. 80ಕ್ಕೂ ಹೆಚ್ಚು ಭಾಗವನ್ನು ತುಂಬುತ್ತವೆ. ಪದಕುಟುಂಬ ಅಂದರೆ ‘ಡಿಸೈಡ್’, ‘ಡಿಸಿಷನ್’, ‘ಡಿಸೈಸಿವ್’ ಹೀಗೆ ಒಂದೇ ಬುಡದಿಂದ ಕವಲೊಡೆದವು. ಮೈಕೆಲ್ ವೆಸ್ಟ್ 1953ರಲ್ಲೇ ಇಂಥ ಸುಮಾರು 2000 ಪದಗಳ ಪಟ್ಟಿ ಮಾಡಿದ್ದರು. 2013ರಲ್ಲಿ ಅದರ ಹೊಸ ರೂಪವೂ ಬಂದಿದೆ. ಆಕ್ಸ್‌ಫರ್ಡ್ ನಿಘಂಟಿನವರ 3000 ಪದಗಳ ಪಟ್ಟಿ ಕಲಿಯುವವರಿಗೆ ಇನ್ನೂ ಅನುಕೂಲ, ಯಾಕೆಂದರೆ ಅದರಲ್ಲಿ ಪ್ರತಿ ಪದದ ಮುಂದೆ ಎ1, ಎ2, ಬಿ1, ಬಿ2 ಎಂದು ಸುಲಭದಿಂದ ಕಷ್ಟಕ್ಕೆ ಏರುವ ಮಟ್ಟ ಸೂಚಿಸಿರುತ್ತಾರೆ. ಉನ್ನತ ವ್ಯಾಸಂಗಕ್ಕೆ ಇಂಗ್ಲಿಷ್ ಬೇಕಾದವರು ಇದಾದಮೇಲೆ ಆವೆರಿಲ್ ಕಾಕ್ಸ್‌ಹೆಡ್ 2000ನೇ ಇಸವಿಯಲ್ಲಿ ಪ್ರಕಟಿಸಿದ 570 ಪದಕುಟುಂಬಗಳ ಪಟ್ಟಿಗೆ ಹೋಗಬೇಕು. ಯಾವ ವಿಷಯದ್ದೇ ಇರಲಿ, ವಿದ್ವತ್ ಬರಹದ ಸುಮಾರು ಶೇ. 10 ಭಾಗ ಈ 570ರಿಂದಲೇ ಆಗಿರುತ್ತದೆ.

ಪಟ್ಟಿ ಹಿಡಿದು ಮೊದಲಿನಿಂದ ಕೊನೆಯವರೆಗೆ ಉರು ಹೊಡೆಯಲು ಹೇಳುತ್ತಿಲ್ಲ. ಅದು ಅಳತೆಗೋಲು ಮಾತ್ರ. 3000ದ ಪಟ್ಟಿಯಲ್ಲಿ ಪ್ರತಿ 20ನೇ ಪದವನ್ನು ಆರಿಸಿ, 150 ಪದ ಸಿಗುತ್ತವೆ. ಒಂದೊಂದರ ಮುಂದೆಯೂ ಮೂರರಲ್ಲಿ ಒಂದು ಗುರುತು ಹಾಕಿ: ಅರ್ಥವೇ ಗೊತ್ತಿಲ್ಲ, ಓದಿದರೆ ಗೊತ್ತು, ಈಗಲೇ ವಾಕ್ಯ ಮಾಡಬಲ್ಲೆ. ಮೂರನೆಯ ಗುರುತು ಹಾಕುವ ಮುನ್ನ ವಾಕ್ಯವನ್ನು ಬಾಯಿಬಿಟ್ಟು ಹೇಳಿ. ಪ್ರತಿ ಗುರುತು 20 ಪದಕ್ಕೆ ಸಮ. ಮೂರನೆಯ ಗುರುತು 60 ಬಂದರೆ ನಿಮ್ಮ ಬಳಕೆಯ ಪದ ಸುಮಾರು 1200, ಎರಡನೆಯದು 70 ಬಂದರೆ 1400 ಪದ ಹೊಸ್ತಿಲಲ್ಲಿ ನಿಂತಿವೆ ಎಂದು ತಿಳಿಯಿರಿ. ನಿಮ್ಮಂಥವರಿಗೆ ಎರಡನೆಯ ಗುಂಪೇ ದೊಡ್ಡದಿರುತ್ತದೆ. ಮೊದಲ ಮೂರು ತಿಂಗಳು ಆ ಗುಂಪಿನ ಮೇಲೇ ಕೆಲಸ ಮಾಡಿ. ಅರ್ಧ ದಾರಿ ಬಂದ ಪದವನ್ನು ಒಳಕ್ಕೆ ಕರೆದುಕೊಳ್ಳುವುದು ಹೊಸದನ್ನು ತರುವುದಕ್ಕಿಂತ ಸುಲಭ.

ಪದದ ಒಡನಾಟ

ಕನ್ನಡದಲ್ಲಿ ನಿದ್ದೆ ಗಾಢವಾಗಿರುತ್ತದೆ, ಬಡತನ ಕಡುವಾಗಿರುತ್ತದೆ. ‘ಕಡು ನಿದ್ದೆ’, ‘ಗಾಢ ಬಡತನ’ ಅಂದರೆ ಅರ್ಥವಾದರೂ ಕಿವಿ ಒಪ್ಪುವುದಿಲ್ಲ. ಬಟ್ಟೆ ಒಗೆಯುತ್ತೇವೆ, ಪಾತ್ರೆ ತೊಳೆಯುತ್ತೇವೆ. ಇಂಗ್ಲಿಷಿಗೆ ಎರಡಕ್ಕೂ ‘ವಾಶ್’ ಒಂದೇ ಸಾಕು. ಯಾವ ಪದ ಯಾವುದರ ಜೊತೆ ಕೂಡುತ್ತದೆ ಎಂಬ ಈ ತಿಳಿವಳಿಕೆಯನ್ನು ಕನ್ನಡದಲ್ಲಿ ಯಾರೂ ನಮಗೆ ಪಾಠ ಮಾಡಿ ಕಲಿಸಲಿಲ್ಲ, ಕೇಳಿ ಕೇಳಿ ಬಂತು. ಇಂಗ್ಲಿಷಿನಲ್ಲಿ ಅಷ್ಟು ಕೇಳುವ ಅವಕಾಶವಿಲ್ಲದ ಕಾರಣ ಬೇಕೆಂದೇ ಕಲಿಯಬೇಕು. ‘ಜೋರು ಮಳೆ’ಯನ್ನು ನೆನೆದು ‘ಸ್ಟ್ರಾಂಗ್ ರೇನ್’ ಅನ್ನುತ್ತೇವೆ, ಅವರು ‘ಹೆವಿ ರೇನ್’ ಅನ್ನುತ್ತಾರೆ. ಗಾಳಿಗೆ ಮಾತ್ರ ‘ಸ್ಟ್ರಾಂಗ್ ವಿಂಡ್’ ಸರಿ. ತಪ್ಪು ಮಾಡುವುದು ‘ಮೇಕ್ ಎ ಮಿಸ್ಟೇಕ್’, ಮನೆಗೆಲಸ ಮಾಡುವುದು ‘ಡೂ ದ ಹೌಸ್‌ವರ್ಕ್’, ಫೋಟೊ ತೆಗೆಯುವುದು ‘ಟೇಕ್ ಎ ಫೋಟೊ’, ಗಮನ ಕೊಡುವುದು ‘ಪೇ ಅಟೆನ್ಷನ್’. ‘ಮಿಸ್ಟೇಕ್: ತಪ್ಪು’ ಎಂದಷ್ಟೇ ಬರೆದುಕೊಂಡವರ ಬಾಯಲ್ಲಿ ‘ಡಿಡ್ ಎ ಮಿಸ್ಟೇಕ್’ ಬರುವುದು ಸಹಜವೇ.

ಇದಕ್ಕಿಂತ ಆಳದ ತೊಡಕು ಇನ್ನೊಂದಿದೆ, ಅದು ನಮ್ಮ ಭಾಷೆಯ ಸ್ವಭಾವದಿಂದಲೇ ಬರುವಂಥದು. ನಾವು ಇಂಗ್ಲಿಷ್ ಕ್ರಿಯಾಪದವನ್ನು ಕನ್ನಡದೊಳಗೆ ತರುವಾಗ ‘ಮಾಡು’ ಅಥವಾ ‘ಆಗು’ ಸೇರಿಸಿಬಿಡುತ್ತೇವೆ: ಡಿಸ್ಕಸ್ ಮಾಡು, ಎಕ್ಸ್‌ಪ್ಲೇನ್ ಮಾಡು, ರೀಚ್ ಆಗು, ಎಂಟರ್ ಆಗು. ಪದದ ಅರ್ಥ ಬಂತು, ಇಂಗ್ಲಿಷ್ ವಾಕ್ಯದಲ್ಲಿ ಅದು ಕೂರುವ ರೀತಿ ಬರಲಿಲ್ಲ. ಆಮೇಲೆ ಇಂಗ್ಲಿಷ್ ಮಾತಾಡುವಾಗ ಕನ್ನಡದ ವಿಭಕ್ತಿ ವೇಷ ಬದಲಿಸಿಕೊಂಡು ನುಸುಳುತ್ತದೆ. ‘ಅದರ ಬಗ್ಗೆ ಡಿಸ್ಕಸ್ ಮಾಡಿದೆವು’ ಎಂಬುದರಿಂದ ‘ಡಿಸ್ಕಸ್ಡ್ ಅಬೌಟ್ ಇಟ್’ ಹುಟ್ಟುತ್ತದೆ, ಸರಿಯಾದದ್ದು ‘ಡಿಸ್ಕಸ್ಡ್ ಇಟ್’. ‘ಸ್ಟೇಷನ್ನಿಗೆ ರೀಚ್ ಆದೆ’ ಎಂಬುದರಿಂದ ‘ರೀಚ್ಡ್ ಟು ದ ಸ್ಟೇಷನ್’, ಅಲ್ಲಿ ‘ಟು’ ಬೇಡ. ‘ರೂಮಿನೊಳಗೆ ಎಂಟರ್ ಆದ’ ಎಂಬುದರಿಂದ ‘ಎಂಟರ್ಡ್ ಇನ್‌ಟು ದ ರೂಮ್’, ಅಲ್ಲಿ ‘ಇನ್‌ಟು’ ಬೇಡ. ಇದಕ್ಕೆ ವಿರುದ್ಧವಾಗಿ, ‘ಹಾಡು ಕೇಳು’ ಎಂಬಲ್ಲಿ ಕನ್ನಡಕ್ಕೆ ಪ್ರತ್ಯಯದ ಹಂಗಿಲ್ಲ, ಹಾಗಾಗಿ ‘ಲಿಸನ್ ಟು’ದಲ್ಲಿನ ‘ಟು’ ಬಿಟ್ಟುಹೋಗುತ್ತದೆ. ‘ನನಗೆ ಎಕ್ಸ್‌ಪ್ಲೇನ್ ಮಾಡಿ’ ಎಂಬುದು ‘ಎಕ್ಸ್‌ಪ್ಲೇನ್ ಮಿ’ ಆಗುತ್ತದೆ, ಬೇಕಾದದ್ದು ‘ಎಕ್ಸ್‌ಪ್ಲೇನ್ ಇಟ್ ಟು ಮಿ’. ಕನ್ನಡ ಮಾತಿನಲ್ಲಿ ಈಗಾಗಲೇ ಓಡಾಡುತ್ತಿರುವ ಇಂಗ್ಲಿಷ್ ಕ್ರಿಯಾಪದಗಳೇ ಈ ಕಾರಣಕ್ಕೆ ಹೆಚ್ಚು ಅಪಾಯದವು. ಗೊತ್ತಿದೆ ಎಂದು ನಿಘಂಟು ತೆರೆಯುವುದೇ ಇಲ್ಲ. ಇಂಥ ಐವತ್ತು ಕ್ರಿಯಾಪದಗಳನ್ನು ನೀವೇ ಪಟ್ಟಿ ಮಾಡಿ, ಒಂದೊಂದರ ಮುಂದೆ ಏನು ಬರುತ್ತದೆ ಎಂದು ನಿಘಂಟಿನಲ್ಲಿ ನೋಡಿ ಸರಿಪಡಿಸಿಕೊಳ್ಳಿ. ನನ್ನ ಅಭಿಪ್ರಾಯದಲ್ಲಿ, ಹೊಸ ಐನೂರು ನಾಮಪದಗಳಿಗಿಂತ ಇದು ನಿಮ್ಮ ಇಂಗ್ಲಿಷನ್ನು ಹೆಚ್ಚು ಸುಧಾರಿಸುತ್ತದೆ.

ಒಂದು ಕನ್ನಡ ಪದಕ್ಕೆ ಒಂದೇ ಇಂಗ್ಲಿಷ್ ಪದ ಎಂಬ ಎಣಿಕೆಯನ್ನೂ ಬಿಡಬೇಕು. ‘ಕೇಳು’ ಎಂಬುದು ಇಂಗ್ಲಿಷಿನಲ್ಲಿ ಮೂರಾಗಿ ಸೀಳುತ್ತದೆ: ತಾನಾಗಿ ಕಿವಿಗೆ ಬಿದ್ದರೆ ‘ಹಿಯರ್’, ಗಮನವಿಟ್ಟು ಕೇಳಿದರೆ ‘ಲಿಸನ್’, ಪ್ರಶ್ನೆ ಕೇಳಿದರೆ ‘ಆಸ್ಕ್’. ‘ಹಾಕು’ ಇನ್ನೂ ಉದಾರಿ: ಅಂಗಿ ಹಾಕು, ನೀರು ಹಾಕು, ಬೀಗ ಹಾಕು, ಮತ ಹಾಕು, ಇವು ನಾಲ್ಕಕ್ಕೂ ಬೇರೆ ಬೇರೆ ಕ್ರಿಯಾಪದ ಬೇಕು. ಹಾಗೆಂದು ಕನ್ನಡ ಅರ್ಥವನ್ನೇ ದೂರವಿಡಿ ಎನ್ನುವ ಸಲಹೆಯನ್ನು ಒಪ್ಪಬೇಡಿ. ಹೊಸ ಪದದ ಅರ್ಥ ಚಟ್ಟನೆ, ತಪ್ಪಿಲ್ಲದೆ ಹಿಡಿಯಲು ತಾಯ್ನುಡಿಗಿಂತ ಒಳ್ಳೆಯ ಸಾಧನವಿಲ್ಲ. ಬಿಡಿ ಪದಕ್ಕೆ ಬಿಡಿ ಪದ ಬರೆಯುವ ಬದಲು ಇಡೀ ವಾಕ್ಯಕ್ಕೆ ಕನ್ನಡ ವಾಕ್ಯ ಬರೆಯಿರಿ, ಅಷ್ಟೇ.

ಕಾರ್ಡ್ ಬರೆಯುವ ಕ್ರಮ

ಮುಂಬದಿಯಲ್ಲಿ ಕನ್ನಡ ವಾಕ್ಯ, ಅದರ ಕೆಳಗೆ ಇಂಗ್ಲಿಷ್ ವಾಕ್ಯ, ಕಲಿಯಬೇಕಾದ ಭಾಗದಲ್ಲಿ ಮೊದಲ ಅಕ್ಷರ ಬಿಟ್ಟು ಉಳಿದದ್ದು ಖಾಲಿ. ಇಂಗ್ಲಿಷ್ ಭಾಗವನ್ನು ಕಾರ್ಡಿನ ಮೇಲೆ ಇಂಗ್ಲಿಷ್ ಲಿಪಿಯಲ್ಲೇ ಬರೆಯಿರಿ. ‘ಅವಾಯ್ಡ್’ ಪದ ತೆಗೆದುಕೊಳ್ಳೋಣ. ಕನ್ನಡ ವಾಕ್ಯ: ‘ರಾತ್ರಿ ಹೊತ್ತು ಗಾಡಿ ಓಡಿಸುವುದನ್ನು ಅವಳು ತಪ್ಪಿಸುತ್ತಾಳೆ’. ಅದರ ಕೆಳಗೆ ‘ಶಿ ಅ___ ಡ್ರೈ___ ಅಟ್ ನೈಟ್’. ಹಿಂಬದಿಯಲ್ಲಿ ಪೂರ್ತಿ ವಾಕ್ಯ, ‘ಶಿ ಅವಾಯ್ಡ್ಸ್ ಡ್ರೈವಿಂಗ್ ಅಟ್ ನೈಟ್’. ‘ಅವಾಯ್ಡ್’ ಪದದ ಒತ್ತು, ಅಂದರೆ ಉಚ್ಚರಿಸುವಾಗ ದನಿ ಜೋರಾಗುವ ಜಾಗ, ಅದರ ಎರಡನೆಯ ಭಾಗದ ಮೇಲೆ ಎಂಬ ಗುರುತು. ‘ಮುಂದೆ ಇಂಗ್ ರೂಪ, ಟು ಅಲ್ಲ’ ಎಂಬ ಒಂದು ಸಾಲು. ಎರಡು ಖಾಲಿ ಬಿಟ್ಟದ್ದು ಏಕೆಂದರೆ ಈ ಪದದಲ್ಲಿ ಎಡವುವುದೇ ಎರಡನೆಯ ಜಾಗದಲ್ಲಿ, ‘ಅವಾಯ್ಡ್ಸ್ ಟು ಡ್ರೈವ್’ ಎಂದು.

ವಾಕ್ಯ 8ರಿಂದ 12 ಪದ ಮೀರದಿರಲಿ. ಅದರಲ್ಲಿ ಹೊಸ ಪದ ಒಂದೇ ಇರಲಿ. ವಾಕ್ಯವನ್ನು ನೀವೇ ಕಟ್ಟಬೇಡಿ, ನಿಘಂಟಿನಿಂದಲೋ ಓದಿದ ಲೇಖನದಿಂದಲೋ ತೆಗೆದುಕೊಳ್ಳಿ. ಸ್ವಂತ ವಾಕ್ಯದಲ್ಲಿ ತಪ್ಪಿದ್ದರೆ ಅದನ್ನೇ ಆರು ಸಲ ಗಟ್ಟಿ ಮಾಡಿಕೊಂಡ ಹಾಗಾಗುತ್ತದೆ. ಉತ್ತರವನ್ನು ಮನಸ್ಸಿನಲ್ಲಿ ಅಂದುಕೊಂಡರೆ ಸಾಲದು, ವಾಕ್ಯವನ್ನು ಗಟ್ಟಿಯಾಗಿ ಹೇಳಿದ ಮೇಲೆ ಕಾರ್ಡ್ ತಿರುಗಿಸಿ. ಒಂದು ಪದಕ್ಕೆ ಐದು ಅರ್ಥವಿದ್ದರೆ ಈಗ ಎದುರಾದ ಒಂದನ್ನೇ ಬರೆಯಿರಿ. ಉಳಿದವು ಎದುರಾದ ದಿನ ಬೇರೆ ಕಾರ್ಡ್ ಆಗಲಿ.

ನಿಘಂಟು ಕಲಿಯುವವರಿಗಾಗಿಯೇ ಮಾಡಿದ್ದಿರಲಿ. ಲಾಂಗ್‌ಮನ್ ಸಂಸ್ಥೆಯವರು 1978ರಲ್ಲಿ ಮೊದಲು ತಂದ ಅಂಥ ನಿಘಂಟು ಎಲ್ಲ ವಿವರಣೆಯನ್ನೂ ಸುಮಾರು 2000 ಸುಲಭ ಪದಗಳಲ್ಲೇ ಕೊಡುತ್ತದೆ. ಒಂದು ಪದ ಹುಡುಕಲು ಹೋಗಿ ಇನ್ನೂ ನಾಲ್ಕು ಹುಡುಕುವ ಪಾಡು ಅದರಲ್ಲಿಲ್ಲ.

ಎಲ್ಲಿ ಕೆಡುತ್ತದೆ

ಹೋಲುವ ಪದಗಳನ್ನು ಒಟ್ಟಿಗೆ ಕಲಿಯುವುದು ದೊಡ್ಡ ತಪ್ಪು, ದುರದೃಷ್ಟಕ್ಕೆ ಪಠ್ಯಪುಸ್ತಕಗಳೇ ಅದನ್ನು ಮಾಡಿಸುತ್ತವೆ. ‘ಬಾರೊ’ ಮತ್ತು ‘ಲೆಂಡ್’ ಒಂದೇ ದಿನ ಕಲಿತವರಿಗೆ, ಎರಡೂ ಸಾಲಕ್ಕೆ ಸಂಬಂಧಿಸಿದ್ದು ಅನ್ನುವುದು ನೆನಪಿರುತ್ತದೆ, ಯಾವುದು ಕೊಡುವುದು ಯಾವುದು ಪಡೆಯುವುದು ಎಂಬುದು ಕಲಸಿಹೋಗುತ್ತದೆ. ‘ಅಫೆಕ್ಟ್’ ಮತ್ತು ‘ಎಫೆಕ್ಟ್’ ಕೂಡ ಹೀಗೆಯೇ. ಹನ್ನೆರಡು ಬಣ್ಣ, ಇಪ್ಪತ್ತು ಹಣ್ಣು ಎಂಬ ಪಟ್ಟಿಗಳಲ್ಲೂ ಇದೇ ಗೊಂದಲ. ಜೋಡಿಯಲ್ಲಿ ಹೆಚ್ಚು ಬಳಕೆಯದನ್ನು ಮೊದಲು ಕಲಿಯಿರಿ, ಎರಡು ಮೂರು ವಾರ ಕಳೆದು ಅದು ತಡವಿಲ್ಲದೆ ಬಾಯಿಗೆ ಬರುವಂತಾದ ಮೇಲೆ ಇನ್ನೊಂದನ್ನು ಮುಟ್ಟಿ.

ಸಮಾನಾರ್ಥಕಗಳ ಪಟ್ಟಿಯೂ ಅಷ್ಟೇ ಮೋಸದ್ದು. ‘ಸ್ಲಿಮ್’ ಮತ್ತು ‘ಸ್ಕಿನ್ನಿ’ ಎರಡರ ಮುಂದೆಯೂ ‘ತೆಳ್ಳಗಿನ’ ಎಂದು ಬರೆದಿರುತ್ತದೆ. ಮೊದಲನೆಯದು ಮೆಚ್ಚುಗೆ, ಎರಡನೆಯದು ನಮ್ಮ ‘ಸಣಕಲು’ ಇದ್ದ ಹಾಗೆ. ಯಾರನ್ನಾದರೂ ಹಾಗೆ ಕರೆದರೆ ಬೇಸರವಾಗುತ್ತದೆ. ನಿಘಂಟಿನಲ್ಲಿ ‘ಫಾರ್ಮಲ್’, ‘ಇನ್‌ಫಾರ್ಮಲ್’, ‘ಡಿಸಪ್ರೂವಿಂಗ್’ ಎಂಬ ಸಣ್ಣ ಸೂಚನೆಗಳಿರುತ್ತವೆ. ಅರ್ಥಕ್ಕಿಂತ ಮೊದಲು ಅವನ್ನು ನೋಡುವ ರೂಢಿ ಮಾಡಿಕೊಳ್ಳಿ.

ಉಚ್ಚಾರಣೆಯನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವುದು ಆರಂಭದಲ್ಲಿ ಆಸರೆ, ಆಮೇಲೆ ಅಡ್ಡಿ. ದಿಕ್ಕಿನ ‘ವೆಸ್ಟ್’, ತೊಡುವ ‘ವೆಸ್ಟ್’ ಎರಡನ್ನೂ ಹೀಗೇ ಬರೆಯುತ್ತೇವೆ, ಇಂಗ್ಲಿಷಿನಲ್ಲಿ ಅವುಗಳ ಮೊದಲ ಧ್ವನಿ ಬೇರೆ ಬೇರೆ. ಅದಕ್ಕಿಂತ ಹೆಚ್ಚಾಗಿ, ಒತ್ತು ಎಲ್ಲಿ ಬೀಳುತ್ತದೆ ಎಂಬುದು ನಮ್ಮ ಲಿಪಿಯಲ್ಲಿ ಕಾಣುವುದೇ ಇಲ್ಲ. ‘ಫೋಟೊಗ್ರಾಫ್’ನಲ್ಲಿ ಒತ್ತು ಮೊದಲ ಭಾಗದ ಮೇಲೆ, ‘ಫೊಟಾಗ್ರಫರ್’ನಲ್ಲಿ ಎರಡನೆಯದರ ಮೇಲೆ, ‘ಫೋಟೊಗ್ರಾಫಿಕ್’ನಲ್ಲಿ ಮೂರನೆಯದರ ಮೇಲೆ. ಕನ್ನಡದಲ್ಲಿ ಒತ್ತು ಬದಲಿಸಿದರೆ ಪದ ಬೇರೆಯಾಗುವುದಿಲ್ಲ, ಅದಕ್ಕೇ ನಮ್ಮ ಕಿವಿ ಇದನ್ನು ಗಮನಿಸುವುದಿಲ್ಲ. ಒತ್ತು ತಪ್ಪಿದರೆ ಕೇಳುವವರಿಗೆ ಪದವೇ ಗುರುತು ಸಿಗದಿರಬಹುದು. ಅವರು ಆಡಿದ, ನಿಮಗೆ ಓದಿ ಚೆನ್ನಾಗಿ ಗೊತ್ತಿರುವ ಪದ ನಿಮ್ಮ ಕಿವಿಗೆ ಸಿಗದಿರುವುದಕ್ಕೂ ಇದೇ ಕಾರಣ. ಕಾರ್ಡ್ ಮಾಡುವಾಗಲೇ ನಿಘಂಟಿನ ಧ್ವನಿಯನ್ನು ಎರಡು ಸಲ ಕೇಳಿ, ಮೂರು ಸಲ ಹೇಳಿ.

ಕೆಲವು ಪದ ಎಷ್ಟು ಮಾಡಿದರೂ ನಿಲ್ಲುವುದಿಲ್ಲ. ಆಂಕಿಯಲ್ಲಿ ಒಂದು ಕಾರ್ಡ್ ಎಂಟು ಸಲ ತಪ್ಪಿದರೆ ಅದಕ್ಕೆ ‘ಲೀಚ್’, ಅಂದರೆ ಜಿಗಣೆ, ಎಂದು ಗುರುತು ಹಾಕುತ್ತದೆ. ಸಮಯ ಹೀರುವ ಕಾರ್ಡಿಗೆ ಒಪ್ಪುವ ಹೆಸರು. ಅಂಥದ್ದಕ್ಕೆ ವಾಕ್ಯ ಬದಲಿಸಿ ನೋಡಿ, ಇಲ್ಲವೇ ಕನ್ನಡದ ಯಾವುದಾದರೂ ಪದದ ಸದ್ದಿಗೆ ಗಂಟು ಹಾಕಿ. ‘ಆ್ಯರಿಡ್’ ಅಂದರೆ ಒಣಭೂಮಿಯ, ಅದನ್ನು ‘ಆರಿದ’ ನೆಲ ಎಂದುಕೊಂಡರೆ ಮರೆಯುವುದುಂಟೆ? ‘ಮರೋಸ್’ ಅಂದರೆ ಮುಖ ಗಂಟಿಕ್ಕಿಕೊಂಡ, ‘ಮೋರೆ’ ದಪ್ಪ ಮಾಡಿಕೊಂಡವನ ಚಿತ್ರ ತಂದುಕೊಳ್ಳಿ. 1975ರಲ್ಲಿ ಅಮೆರಿಕದ ಅಟ್ಕಿನ್ಸನ್ ಮತ್ತು ರಾ ಎಂಬ ಸಂಶೋಧಕರು ರಷ್ಯನ್ ಪದಗಳನ್ನು ಹೀಗೆ ಕಲಿಸಿ ನೋಡಿ ಫಲ ಕಂಡಿದ್ದರು. ಎಲ್ಲ ಪದಕ್ಕೂ ಈ ಉಪಾಯ ಹೂಡಲು ಹೋಗಬೇಡಿ, ಸದ್ದು ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ಅರ್ಥ ನೆನಪಿಗೆ ಬರಲು ಇದು ಸಹಾಯ, ಬಳಕೆ ಕಲಿಸಲಾರದು.

ಬುಡದಿಂದ ಕವಲು, ಕವಲಿಂದ ಬುಡ

ಪೂರ್ವಪ್ರತ್ಯಯ, ಉತ್ತರಪ್ರತ್ಯಯಗಳಲ್ಲಿ ಇಪ್ಪತ್ತು ಇಪ್ಪತ್ತೈದು ಚೆನ್ನಾಗಿ ತಿಳಿದರೆ ಗೊತ್ತಿರುವ ಪದವೇ ನಾಲ್ಕಾಗುತ್ತದೆ. ಅಲ್ಲ ಎಂಬ ಅರ್ಥದ ‘ಇನ್’ ಮುಂದಿನ ಧ್ವನಿಗೆ ತಕ್ಕ ಹಾಗೆ ನಮ್ಮ ಸಂಧಿಯಂತೆಯೇ ಬದಲಾಗುತ್ತದೆ: ಪ, ಬ, ಮ ಮುಂದಿದ್ದರೆ ‘ಇಂಪಾಸಿಬಲ್’, ಲ ಮುಂದಿದ್ದರೆ ‘ಇಲ್ಲೀಗಲ್’, ರ ಮುಂದಿದ್ದರೆ ‘ಇರ್ರೆಗ್ಯುಲರ್’. ‘ಅನ್’ ಮಾತ್ರ ಎಲ್ಲಿಯೂ ಬದಲಾಗದು, ‘ಅನ್‌ಪ್ಲೆಸೆಂಟ್’ ಹಾಗೆಯೇ ಉಳಿಯುತ್ತದೆ. ಯಾವ ಪದಕ್ಕೆ ‘ಇನ್’, ಯಾವುದಕ್ಕೆ ‘ಅನ್’ ಎಂಬುದಕ್ಕೆ ಪೂರ್ತಿ ನಂಬಬಹುದಾದ ನಿಯಮವಿಲ್ಲ, ಪದದ ಜೊತೆಗೇ ಕಲಿಯಬೇಕು.

‘ಗಿವ್ ಅಪ್’, ‘ಪುಟ್ ಆಫ್’ ಥರದ ಜೋಡಿಕ್ರಿಯೆಗಳನ್ನು ‘ಪುಟ್’ ಒಂದರ ಕೆಳಗೆ ಹದಿನೈದು ಬರೆದು ಕಲಿಯುವುದು ಮತ್ತೆ ಹೋಲುವ ಪದಗಳ ತಪ್ಪೇ. ಎದುರಾದಾಗ ಎದುರಾದದ್ದನ್ನು ಇಡಿಯಾಗಿ ಒಂದು ಪದವೆಂದೇ ಕಲಿಯಿರಿ. ಇಲ್ಲೊಂದು ಖುಷಿಯ ವಿಷಯವಿದೆ. ‘ಯೂಸ್ ಅಪ್’, ‘ಈಟ್ ಅಪ್’, ‘ಟೇರ್ ಅಪ್’ ಇವುಗಳಲ್ಲಿ ‘ಅಪ್’ ಮೇಲೆ ಎಂದಲ್ಲ, ಪೂರ್ತಿಯಾಗಿ ಮುಗಿಸು ಎಂದು. ಇದೇ ಕೆಲಸವನ್ನು ಕನ್ನಡದಲ್ಲಿ ‘ಬಿಡು’, ‘ಹಾಕು’ ಮಾಡುತ್ತವೆ: ತಿಂದುಬಿಡು, ಹರಿದುಹಾಕು. ಇದು ಹೊಳೆದ ಮೇಲೆ ಆ ‘ಅಪ್’ ಪರಕೀಯ ಅನ್ನಿಸುವುದಿಲ್ಲ.

ಓದು, ಮಾತು, ದಿನದ ಹೊತ್ತು

ಕಾರ್ಡುಗಳು ಪದವನ್ನು ಪರಿಚಯ ಮಾಡಿಸುತ್ತವೆ, ಒಡನಾಟ ಬೆಳೆಯುವುದು ಓದಿನಲ್ಲಿ. ನ್ಯೂಜಿಲೆಂಡಿನ ಭಾಷಾ ವಿದ್ವಾಂಸ ಪಾಲ್ ನೇಷನ್ 2006ರಲ್ಲಿ ಹಾಕಿದ ಲೆಕ್ಕದಂತೆ, ಬರಹದ ಶೇ. 98 ಪದಗಳು ಗೊತ್ತಿರಬೇಕಾದರೆ 8000ದಿಂದ 9000 ಪದಕುಟುಂಬ ಬೇಕು, ಆಡುಮಾತಿಗೆ 6000ದಿಂದ 7000. ಅಷ್ಟು ದೂರ ಕಾರ್ಡುಗಳನ್ನೇ ನಂಬಿ ಹೋಗಲಾಗದು. ಓದಲು ಆರಿಸಿಕೊಳ್ಳುವಾಗ ಈ ಶೇ. 98ನ್ನೇ ಒರೆಗಲ್ಲು ಮಾಡಿಕೊಳ್ಳಿ. 250 ಪದಗಳಿರುವ ಒಂದು ಪುಟದಲ್ಲಿ ಗೊತ್ತಿಲ್ಲದ ಪದ ಐದರೊಳಗೆ ಇದ್ದರೆ ಅದು ಸುಖವಾಗಿ ಓದುವ ಪುಸ್ತಕ. ಹನ್ನೆರಡಿದ್ದರೆ ನಿಘಂಟು ಹಿಡಿದು ನಿಧಾನವಾಗಿ ಓದುವಂಥದು. ಅದಕ್ಕಿಂತ ಹೆಚ್ಚಿದ್ದರೆ ಈಗ ಬೇಡ, ಕಲಿಯುವವರಿಗೆಂದೇ ಮಟ್ಟ ಹಾಕಿ ಬರೆದ ಪುಸ್ತಕಗಳಿಗೆ ಹೋಗಿ. ಮೇಲ್ಮಟ್ಟದ ಪತ್ರಿಕೆ ಹಿಡಿದು ಸಾಲಿಗೆರಡು ಪದ ಗೆರೆ ಎಳೆಯುವವರು ತಿಂಗಳಿಗೆ ಓದುವುದು ಹತ್ತು ಪುಟ. ಸುಲಭದ್ದನ್ನು ಓದುವವರು ಅಷ್ಟರಲ್ಲಿ ಇನ್ನೂರು ಪುಟ ಮುಗಿಸಿ, ಅದೇ ಪದಗಳನ್ನು ಬೇರೆ ಬೇರೆ ವಾಕ್ಯಗಳಲ್ಲಿ ಹತ್ತಾರು ಸಲ ಕಂಡಿರುತ್ತಾರೆ. ಓದುವಾಗ ಎಲ್ಲ ಹೊಸ ಪದಕ್ಕೂ ನಿಲ್ಲಬೇಡಿ. ಎರಡನೇ ಸಲ ಎದುರಾದದ್ದಕ್ಕೆ ಮಾತ್ರ ಕಾರ್ಡ್ ಮಾಡಿ.

ಮಾತಿಗೆ ತರಲು 4-3-2 ಎಂಬ ಅಭ್ಯಾಸ ಬಹಳ ಉಪಯುಕ್ತ. ಆ ವಾರದ ಕಾರ್ಡುಗಳಲ್ಲಿ ಐದಾರು ಪದ ಆರಿಸಿ, ಅವು ಹೊಂದುವ ಒಂದು ವಿಷಯದ ಮೇಲೆ 4 ನಿಮಿಷ ಮಾತಾಡಿ. ಅದೇ ವಿಷಯವನ್ನು 3 ನಿಮಿಷದಲ್ಲಿ, ಮತ್ತೆ 2 ನಿಮಿಷದಲ್ಲಿ ಹೇಳಿ. ಕೇಳುವವರು ಪ್ರತಿ ಸಲ ಬೇರೆಯವರಾದರೆ ಒಳ್ಳೆಯದು, ಯಾರೂ ಸಿಗದಿದ್ದರೆ ಫೋನಿನಲ್ಲಿ ರೆಕಾರ್ಡ್ ಮಾಡಿ. ಏನು ಹೇಳಬೇಕೆಂಬುದು ಮೊದಲ ಸುತ್ತಿನಲ್ಲೇ ತೀರ್ಮಾನವಾಗಿರುವುದರಿಂದ ಮುಂದಿನ ಸುತ್ತುಗಳಲ್ಲಿ ಪದ ಬೇಗ ಒದಗುವ ಅಭ್ಯಾಸ ಆಗುತ್ತದೆ. ವಿಷಯ ಬದಲಿಸಿದರೆ ಈ ಲಾಭವಿಲ್ಲ.

ದಿನಕ್ಕೆ 45 ನಿಮಿಷ ಸಿಗುವುದಾದರೆ 12 ನಿಮಿಷ ಪುನರಾವರ್ತನೆ, 5 ನಿಮಿಷ ಹೊಸ ಕಾರ್ಡ್, 18 ನಿಮಿಷ ಓದು ಅಥವಾ ಕೇಳುವುದು, 10 ನಿಮಿಷ ಮಾತು ಅಥವಾ ಬರಹ. ದಿನದಲ್ಲಿ 20 ನಿಮಿಷವೇ ಇದ್ದರೆ ಹೊಸ ಪದ ಬಿಡಿ, ಪುನರಾವರ್ತನೆ ಬಿಡಬೇಡಿ. ನಾಲ್ಕು ದಿನ ತಪ್ಪಿ ಕಾರ್ಡುಗಳು ರಾಶಿ ಬಿದ್ದರೆ ಒಂದೇ ದಿನ ತೀರಿಸಲು ಕೂರಬೇಡಿ. ಹೊಸದನ್ನು ನಿಲ್ಲಿಸಿ, ದಿನಕ್ಕೆ 60ರಂತೆ ಇಳಿಸಿ.

ಕೊನೆಗೆ ನಿಮ್ಮ ಮೂರು ನೋಟ್‌ಬುಕ್. ಅವನ್ನು ಎಸೆಯಬೇಡಿ, ಹಾಗೆಯೇ ಕಾರ್ಡಿಗೂ ಇಳಿಸಬೇಡಿ. ದಿನಕ್ಕೊಂದು ಪುಟದಂತೆ ಅರ್ಥದ ಕಡೆ ಕೈ ಮುಚ್ಚಿ ಓದಿ. ಅರ್ಥ ಹೇಳಿ ವಾಕ್ಯವನ್ನೂ ಮಾಡಿದ ಪದವನ್ನು ಹೊಡೆದುಹಾಕಿ. 3000ದ ಪಟ್ಟಿಯಲ್ಲಿಲ್ಲದ, ಓದಿನಲ್ಲಿ ಒಮ್ಮೆಯೂ ಎದುರಾಗದ ಪದವನ್ನು ಸದ್ಯಕ್ಕೆ ಬಿಡಿ. ಪಟ್ಟಿಯಲ್ಲಿದ್ದು, ಅರ್ಥ ಗೊತ್ತಿದ್ದು, ವಾಕ್ಯ ಬಾರದ ಪದಕ್ಕೆ ದುಂಡು ಹಾಕಿ. ನಾಳೆಯ ಆರು ಕಾರ್ಡುಗಳನ್ನು ಆ ದುಂಡು ಹಾಕಿದವುಗಳಿಂದ ಬರೆಯಿರಿ.